ಕಡಲೂಟವೂ ಗಡಿನಾಡಿನ ನಾಲಿಗೆಯೂ

ವಿಮರ್ಶೆಯೆಂಬುದು ಗ್ರಂಥಗಳಿಗೆ ಮಾತ್ರ ಸಲ್ಲುವುದೆಂದು ಭಾವಿಸುವ ಸಹೃದಯರು ನಮ್ಮನ್ನು ಮನ್ನಿಸಬೇಕು. ನಾವಿಲ್ಲಿ ವಿಮರ್ಶಿಸಹೊರಟಿರುವುದು ಒಂದು ಊಟವನ್ನು. ದುಬೈಯಲ್ಲಿ ಉದ್ಯೋಗದಲ್ಲಿರುವ ಮಗನ ಮನೆಗೆ ಶ್ರೀಮತಿಯವರೊಡನೆ ಹೋಗಿದ್ದಾಗ, ಅವನು ನಮ್ಮನ್ನು ಕಡಲದಂಡೆಯ ಮೀನೂಟದ ಹೋಟೆಲೊಂದಕ್ಕೆ ಕರೆದೊಯ್ದನು. ಅದರ ಕೀರ್ತಿಯನ್ನು ನಾವು ವಿಮಾನದಿಂದ ಇಳಿದ ದಿನದಿಂದಲೇ ಕೇಳುತ್ತಿದ್ದೆವು. ಅವನ ಸಹೋದ್ಯೋಗಿಗಳೆಲ್ಲ ಒಂದೇ ಬಾಯಿಯಿಂದ ಹೊಗಳುತ್ತಿದ್ದರು.

ಗುಣವನ್ನು ಮೊದಲು ಹೇಳುವುದು ವಿಮರ್ಶಕನ ಧರ್ಮ. ಸ್ಥಳವು ಮನೋಹರವಾಗಿತ್ತು. ಗಾಜಿನ ಗೋಡೆಯಾಚೆ ಕಡಲು, ಮಂಜುಗಡ್ಡೆಯ ಮೇಲೆ ಒಪ್ಪವಾಗಿ ಜೋಡಿಸಿದ ಏಡಿ, ಸೀಗಡಿ, ಮೀನು. ಬಡಿಸುವ ಹುಡುಗರು ವಿನಯಶೀಲರು. ನಾವು ಆ ನಾಡಿನವರಿಗೆ ಬಲುಪ್ರಿಯವಾದ ಹಮೂರ್ ಮೀನನ್ನು ತರಿಸಿದೆವು. ಬಿಳಿಯ, ದಪ್ಪ ಎಸಳಿನ, ಮೃದು ರುಚಿಯ ಮೀನದು. ಆದರೆ ನಮ್ಮ ತಟ್ಟೆಗೆ ಬಂದ ತುಂಡು ಒಣಗಿ ನಾರುನಾರಾಗಿತ್ತು. ಅದನ್ನು ಮರೆಮಾಚಲೆಂಬಂತೆ ಮೇಲೆ ಬೆಣ್ಣೆಯನ್ನು ಸುರಿದಿದ್ದರು. ಉಪ್ಪು ಮೇಲ್ಮೈಯಲ್ಲೇ ನಿಂತಿತ್ತು, ಒಳಗಿಳಿದಿರಲಿಲ್ಲ. ಸೀಗಡಿಯು ಬೆಂಕಿಯ ಮೇಲೆ ತುಸು ಹೆಚ್ಚು ಹೊತ್ತು ಇದ್ದರೂ ರಬ್ಬರಿನಂತಾಗುವ ಪದಾರ್ಥ. ಇಲ್ಲಿ ಹಾಗೆಯೇ ಆಗಿತ್ತು. ತಾಜಾ ಮೀನು ನಾತ ಹೊಡೆಯುವುದಿಲ್ಲ. ನಿಂಬೆರಸದ ಕೆಳಗೆ ಆ ನಾತವೂ ಸಣ್ಣಗೆ ಇದ್ದೇ ಇತ್ತು. ಬಿಲ್ಲಿನ ಮೊತ್ತಕ್ಕೆ ನಮ್ಮೂರಿನಲ್ಲಿ ಚೀಲಗಟ್ಟಲೆ ಜೋಳ ಬರುತ್ತಿತ್ತು.

"ಹ್ಯಾಂಗದ ಅಪ್ಪಾ?" ಎಂದು ಮಗ ಕೇಳಿದನು.

"ಭಾಳ ಛಲೋ ಅದಪ್ಪ" ಎಂದೆವು.

ಮಗನ ಮನಸ್ಸು ನೋಯಬಾರದೆಂಬುದು ಅರ್ಧ ಕಾರಣ ಮಾತ್ರ. ಉಳಿದರ್ಧ ಅಳುಕು. ಕಡಲನ್ನು ಕಾಣಲು ನೂರಾರು ಕಿಲೋಮೀಟರ್ ಹೋಗಬೇಕಾದ ಉಮರಗಾದ ಮಾಸ್ತರನಿಗೆ ಮೀನಿನ ಮರ್ಮವೇನು ತಿಳಿದೀತು, ಇಷ್ಟು ಜನ ಹೊಗಳಿದ್ದೆಂದ ಮೇಲೆ ದೋಷ ನಮ್ಮ ನಾಲಿಗೆಯದೇ ಇರಬೇಕು ಎಂದುಕೊಂಡೆವು. ಆ ರಾತ್ರಿಯೇ ಮಗನು ಬಂಧುಗಳಿಗೆ ಫೋನಿನಲ್ಲಿ ವರ್ಣಿಸಿದನು. ನಾವು ಮರಳುವ ಹೊತ್ತಿಗೆ ನಿಲಂಗಾ, ಉದಗೀರದ ಬೀಗರೆಲ್ಲ ಆ ಊಟದ ಸೊಗಸನ್ನು ನಮಗೇ ಹೇಳತೊಡಗಿದ್ದರು. ಹೊಗಳಿದವರ ಸಾಲಿನಲ್ಲಿ ನಾವೂ ಒಬ್ಬರಾಗಿದ್ದೆವು.

ನಿಜವಾಗಿ ನಮ್ಮ ನಾಲಿಗೆ ಅಷ್ಟು ಅಜ್ಞಾನಿಯೇ? ನಿಲಂಗಾ ತಾಲೂಕಿನ ಔರಾದ ಶಹಾಜಾನಿಯ ಬಳಿ ತೇರಣಾ ನದಿಯು ಮಾಂಜರೆಯನ್ನು ಕೂಡುತ್ತದೆ. ಆ ಹೊಳೆಗಳ ಮೀನನ್ನು ಹುಣಸೆಹುಳಿ, ಬೆಳ್ಳುಳ್ಳಿ, ಕೆಂಪುಖಾರದಲ್ಲಿ ಬೇಯಿಸಿ ಜೋಳದ ರೊಟ್ಟಿಯೊಡನೆ ಉಂಡು ಬೆಳೆದವರು ನಾವು. ಕಣ್ಣು ತಿಳಿಯಾಗಿರಬೇಕು, ಕಿವಿರು ಕೆಂಪಾಗಿರಬೇಕು, ಬೆರಳಿನಿಂದ ಒತ್ತಿದರೆ ಮಾಂಸ ಮತ್ತೆ ಮೇಲೇಳಬೇಕು ಎಂಬ ಪರೀಕ್ಷೆಯನ್ನು ನಮಗೆ ತಾಯಂದಿರೇ ಕಲಿಸಿದ್ದಾರೆ. ಉಮರಗಾದ ನೆರೆಯ ಕಲ್ಯಾಣದಿಂದ 1126ರಿಂದ 1138ರವರೆಗೆ ಆಳಿದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ತನ್ನ ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ'ದಲ್ಲಿ ಮೀನಿನ ಅಡುಗೆಯನ್ನೂ ಗಾಳದ ಬೇಟೆಯನ್ನೂ ವಿವರಿಸಿದ್ದಾನೆ. ಕಡಲ ಮೀನು, ಹೊಳೆಯ ಮೀನು ಎಂದು ವಿಂಗಡಿಸಿ ಹೆಸರಿಸಿದ್ದಾನೆ. ಕಡಲಿಗೆ ದೂರವಿದ್ದೇನೆಂದು ಆ ಅರಸನು ಬಾಯಿ ಮುಚ್ಚಿ ಕೂರಲಿಲ್ಲ.

ಈಚೆಗೆ ನಾವು ಮಗನಿಗೆ ಫೋನು ಮಾಡಿ ನಿಜವನ್ನು ಒಪ್ಪಿಕೊಂಡೆವು. ಅವನು ನಕ್ಕು, "ನನಗೂ ರುಚಿ ಹತ್ತಿರಲಿಲ್ಲಪ್ಪಾ. ನಿಮಗ ಹಿಡಿಸ್ಯಾದಂತ ಸುಮ್ಮನಾದೆ" ಎಂದನು. ಒಬ್ಬರ ಮುಖ ಒಬ್ಬರು ನೋಡಿ ಇಬ್ಬರೂ ಹೊಗಳಿದ್ದೆವು.

ಸಾಹಿತ್ಯ ಸಮ್ಮೇಳನದ ಸಂಚಿಕೆಯಲ್ಲಿ ಇದನ್ನು ಬರೆಯಲು ಕಾರಣವಿದೆ. ಬೆಂಗಳೂರು, ಧಾರವಾಡಗಳು ಮೆಚ್ಚಿದ ಪುಸ್ತಕವು ನಮಗೆ ರುಚಿಸದಿದ್ದಾಗ, ಗಡಿಯಲ್ಲಿರುವ ನಾವು ನಮ್ಮ ಕನ್ನಡವೇ ಸಾಲದೆಂದು ಸುಮ್ಮನಾಗುತ್ತೇವೆ. ನಮ್ಮವರು ಬರೆದ ಪುಸ್ತಕಕ್ಕೆ, ಗಡಿಯಲ್ಲಿದ್ದೂ ಬರೆದರಲ್ಲ ಎಂಬ ಮರುಕದಿಂದ ಓದದೆಯೇ ಮುನ್ನುಡಿ ಬರೆಯುತ್ತೇವೆ. ಈ ತಪ್ಪನ್ನು ನಾವೂ ಮಾಡಿದ್ದೇವೆ. ಎರಡರಿಂದಲೂ ಬರೆಯುವವರಿಗೆ ಉಪಕಾರವಿಲ್ಲ. ಈ ಸಮ್ಮೇಳನದಲ್ಲಿ ಕವಿತೆ ಓದುವ ಕಿರಿಯರಿಗೆ ಹಿರಿಯರು ಉಪ್ಪು ಹೆಚ್ಚಾದಲ್ಲಿ ಹೆಚ್ಚಾಯಿತೆಂದೂ, ಹದವಾಗಿ ಬೆಂದಲ್ಲಿ ಬೆಂದಿದೆಯೆಂದೂ ಪ್ರೀತಿಯಿಂದ ಹೇಳಲಿ ಎಂದು ಬೇಡುತ್ತೇವೆ.