ಅಂಕಿಯ ಆಶ್ರಯ

ಹಿಂದಿನ ಕಾಲದಲ್ಲಿ ಸಭೆಯೊಳಗೆ ವಾದವನ್ನು ಮುಗಿಸಬೇಕಾದವನು ಶ್ರುತಿಯನ್ನೋ ಸ್ಮೃತಿಯನ್ನೋ ಎತ್ತಿ ಹೇಳುತ್ತಿದ್ದನು. ಈಗ ಆ ಪೀಠದಲ್ಲಿ ಶೇಕಡಾ ಲೆಕ್ಕವು ಕುಳಿತಿರುತ್ತದೆ. “ನೂರಕ್ಕೆ ಇಷ್ಟು” ಎಂದು ಒಬ್ಬನು ಹೇಳಿಬಿಟ್ಟರೆ ಎದುರಾಳಿಯು ಸುಮ್ಮನಾಗಬೇಕು. ಇಲ್ಲವೆ ಅದಕ್ಕಿಂತ ದೊಡ್ಡದಾದ ಮತ್ತೊಂದು ಅಂಕಿಯನ್ನು ತರಬೇಕು. ಶ್ರುತಿವಾಕ್ಯಕ್ಕಾದರೋ ಅರ್ಥನಿರ್ಣಯ ಮಾಡುವುದಕ್ಕೆ ಮೀಮಾಂಸೆಯೆಂಬ ಶಾಸ್ತ್ರವಿತ್ತು. ಅಂಕಿಗೆ ಅಂತಹ ಮೀಮಾಂಸೆಯನ್ನು ನಮ್ಮ ಮನೆಗಳಲ್ಲಿಯಾಗಲಿ ಸಭೆಗಳಲ್ಲಿಯಾಗಲಿ ಬಳಸುವವರು ವಿರಳ. ಆ ಕೊರತೆಯಿಂದಾಗುವ ಅನರ್ಥವನ್ನು ನಮ್ಮ ಬಳ್ಳಾರಿ ಸೀಮೆಯ ಉದಾಹರಣೆಗಳಿಂದಲೇ ವಿಚಾರಿಸುವುದು ಈ ಲೇಖನದ ಉದ್ದೇಶವು.

ನವ್ಯನೈಯಾಯಿಕರು ಪರ್ಯಾಪ್ತಿ ಎಂಬುದೊಂದು ಸಂಬಂಧವನ್ನು ಹೇಳುತ್ತಾರೆ. ಎರಡು ಗಡಿಗೆಗಳಿರುವಲ್ಲಿ “ಎರಡು” ಎಂಬ ಸಂಖ್ಯೆಯು ಈ ಸಂಬಂಧದಿಂದ ಎರಡರ ಒಟ್ಟಿನಲ್ಲಿಯೇ ಇರತಕ್ಕದ್ದು, ಒಂದೊಂದು ಗಡಿಗೆಯಲ್ಲಿ ಅಲ್ಲ. ಇದು ಬರಿಯ ಕೂದಲು ಸೀಳುವಿಕೆಯೆಂದು ನಗುವವರುಂಟು. ಆದರೆ ಶೇಕಡಾ, ಸರಾಸರಿಗಳ ವಿಷಯದಲ್ಲಿ ಇದಕ್ಕಿಂತ ಉಪಯುಕ್ತವಾದ ಮಾತು ಇಲ್ಲವೆನ್ನಬಹುದು. 2011ರ ಜನಗಣತಿಯಲ್ಲಿ ಬಳ್ಳಾರಿ ಜಿಲ್ಲೆಯ ಸಾಕ್ಷರತೆಯು ಶೇಕಡಾ 67.43 ಎಂದಿರುತ್ತದೆ. ಈ ಅಂಕಿಯು ಅಂದಿನ ಇಡೀ ಜಿಲ್ಲೆಯನ್ನು ಆಶ್ರಯಿಸಿದ್ದು; ಬಳ್ಳಾರಿಯ ಕೌಲ್ ಬಜಾರಿನದೂ ಅಲ್ಲ, ಸಿರುಗುಪ್ಪದ ಆಚೆಯ ಹಳ್ಳಿಯದೂ ಅಲ್ಲ. ಅಷ್ಟೇ ಅಲ್ಲದೆ, 1991ರಿಂದ ಈಚೆಗೆ ಏಳು ವರ್ಷ ತುಂಬಿದವರನ್ನು ಮಾತ್ರ ಈ ಲೆಕ್ಕಕ್ಕೆ ಹಿಡಿಯುವುದರಿಂದ, ಎಲ್ಲ ವಯಸ್ಸಿನವರನ್ನೂ ಹಿಡಿದ ಹಳೆಯ ಅಂಕಿಯ ಪಕ್ಕದಲ್ಲಿ ಅದನ್ನಿಟ್ಟು “ಇಷ್ಟು ಏರಿತು” ಎನ್ನುವಂತಿಲ್ಲ. ಆಶ್ರಯವನ್ನು ಹೇಳದ ಅಂಕಿಯು ಪ್ರಮಾಣವಾಗದು. ಆಶ್ರಯವನ್ನು ಗುಟ್ಟಾಗಿ ಬದಲಿಸಿದ ಅಂಕಿಯು ಹೇತ್ವಾಭಾಸವೇ ಸರಿ.

ಈ ತತ್ತ್ವಕ್ಕೆ ನಮ್ಮ ಜಿಲ್ಲೆಯ ಚರಿತ್ರೆಯೇ ಭಾಷ್ಯವಾಗಿದೆ. ಮದರಾಸು ರಾಜ್ಯದಿಂದ ಆಂಧ್ರವು ಬೇರೆಯಾಗುವ ಕಾಲಕ್ಕೆ ಬಳ್ಳಾರಿ ಜಿಲ್ಲೆಯು ಯಾರದೆಂಬ ಪ್ರಶ್ನೆ ಬಂದಿತು. ಜಿಲ್ಲೆಯನ್ನು ಇಡಿಯಾಗಿ ನೋಡದೆ ತಾಲ್ಲೂಕು ತಾಲ್ಲೂಕಾಗಿ ನೋಡಲಾಯಿತು. 1953ರ ಮಾರ್ಚ್ 25ರಂದು ಪ್ರಧಾನಿ ನೆಹರೂ ಅವರು ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೂ, ಸಿರುಗುಪ್ಪವೇ ಮೊದಲಾದ ಆರು ತಾಲ್ಲೂಕುಗಳು ಮೈಸೂರಿಗೂ ಸೇರುವುವೆಂದು ಪ್ರಕಟಿಸಿದರು. ಬಳ್ಳಾರಿ ತಾಲ್ಲೂಕನ್ನು ಮಾತ್ರ ಪ್ರತ್ಯೇಕ ವಿಚಾರಣೆಗೆ ಬಿಟ್ಟರು. ಹೈದರಾಬಾದಿನ ಮುಖ್ಯ ನ್ಯಾಯಾಧೀಶರಾಗಿದ್ದ ಮಿಶ್ರಾ ಅವರು ವಿಚಾರಿಸಿ ಅದೂ ಮೈಸೂರಿಗೆ ಸೇರತಕ್ಕದ್ದೆಂದು ವರದಿ ಕೊಟ್ಟರು. ಅಕ್ಟೋಬರ್ 1ರಂದು ಅದು ಜಾರಿಗೆ ಬಂದಿತು. ಆದರೆ ಎರಡೇ ವರ್ಷಗಳಲ್ಲಿ, 1955ರಲ್ಲಿ, ರಾಜ್ಯ ಪುನರ್ವಿಂಗಡಣಾ ಆಯೋಗದವರು ತುಂಗಭದ್ರಾ ಯೋಜನೆಯ ಹಿತವನ್ನು ಮುಂದಿಟ್ಟು ಬಳ್ಳಾರಿ, ಸಿರುಗುಪ್ಪ, ಹೊಸಪೇಟೆ ತಾಲ್ಲೂಕುಗಳನ್ನು ಆಂಧ್ರಕ್ಕೆ ಕೊಡಬೇಕೆಂದು ಬರೆದರು. ಸರಕಾರವು ಅದನ್ನು ಒಪ್ಪಲಿಲ್ಲ. 1956ರ ವಿಂಗಡಣೆಯಲ್ಲಿ ನಾವು ಇದ್ದಲ್ಲಿಯೇ ಉಳಿದೆವು.

ಇಲ್ಲಿ ವಿಮರ್ಶಕನು ಗಮನಿಸತಕ್ಕದ್ದು ಫಲವನ್ನಲ್ಲ, ವಾದದ ಮಾರ್ಗವನ್ನು. ಭಾಷೆಯ ಶೇಕಡಾ ಲೆಕ್ಕವನ್ನು ಜಿಲ್ಲೆಯ ಮೇಲೆ ಕಟ್ಟಿದರೆ ಒಂದು ಉತ್ತರ, ತಾಲ್ಲೂಕಿನ ಮೇಲೆ ಕಟ್ಟಿದರೆ ಮತ್ತೊಂದು, ಪಟ್ಟಣವನ್ನು ಬೇರ್ಪಡಿಸಿದರೆ ಇನ್ನೊಂದು ಬರಬಹುದು. ಕನ್ನಡ, ತೆಲುಗು, ಉರ್ದು ಮೂರೂ ಓಣಿ ಓಣಿಯಲ್ಲಿ ಕೇಳಿಬರುವ ಬಳ್ಳಾರಿಯಂತಹ ಊರಿನಲ್ಲಿ “ಎಲ್ಲಕ್ಕಿಂತ ಹೆಚ್ಚು” ಎಂಬುದೂ “ಅರ್ಧಕ್ಕಿಂತ ಹೆಚ್ಚು” ಎಂಬುದೂ ಒಂದೇ ಅಲ್ಲ. ಗಣತಿಯ ಹಾಳೆಯಲ್ಲಿ ಒಬ್ಬನಿಗೆ ಒಂದೇ ಮಾತೃಭಾಷೆ. ಮನೆಯಲ್ಲಿ ತೆಲುಗನ್ನೂ ಸಂತೆಯಲ್ಲಿ ಕನ್ನಡವನ್ನೂ ಆಡಿ ಎರಡರಲ್ಲಿಯೂ ಲೆಕ್ಕ ಹಾಕುವ ವರ್ತಕನನ್ನು ಆ ಹಾಳೆಯು ಅರ್ಧವೇ ಬಲ್ಲದು. ಬೇಕಾದ ಸಿದ್ಧಾಂತವನ್ನು ಮೊದಲು ನಿಶ್ಚಯಿಸಿಕೊಂಡು, ಅದಕ್ಕೆ ಒಪ್ಪುವ ಆಶ್ರಯವನ್ನು ಆಮೇಲೆ ಹುಡುಕುವುದು ಇಂತಹ ವ್ಯಾಜ್ಯಗಳಲ್ಲಿ ಎರಡು ಪಕ್ಷಕ್ಕೂ ಸುಲಭವಾದ ದಾರಿಯು. ಬಂದ ಫಲವು ಕನ್ನಡಿಗರಾದ ನಮಗೆ ಪ್ರಿಯವಾಯಿತೆಂಬುದು ನಿಜ. ಆದರೆ ಪ್ರಿಯವಾದ ಮಾತ್ರಕ್ಕೆ ನಮ್ಮ ಕಡೆಯ ಪ್ರತಿಯೊಂದು ಅಂಕಿಯೂ ಶುದ್ಧವೆನ್ನುವುದು ಪಂಡಿತಲಕ್ಷಣವಲ್ಲ.

ಆಶ್ರಯವನ್ನು ವಿವೇಕದಿಂದ ಆರಿಸಿದ ಗ್ರಂಥಕ್ಕೂ ನಮ್ಮಲ್ಲಿ ಉದಾಹರಣೆಯಿದೆ. ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿಯು ಪ್ರಾದೇಶಿಕ ಅಸಮತೋಲನದ ಮೇಲೆ 2002ರಲ್ಲಿ ಕೊಟ್ಟ ವರದಿಯು ಜಿಲ್ಲೆಯನ್ನು ಬಿಟ್ಟು ತಾಲ್ಲೂಕನ್ನು ಹಿಡಿಯಿತು. ಜಿಲ್ಲೆಯ ಸರಾಸರಿಯೊಳಗೆ ಗಣಿಯ ಸಂಪತ್ತೂ ಬೆದ್ದಲು ಹೊಲದ ಬಡತನವೂ ಒಂದೇ ಪಾತ್ರೆಯಲ್ಲಿ ಕಲಸಿಹೋಗುತ್ತವೆ. ತಾಲ್ಲೂಕನ್ನು ಹಿಡಿದಾಗ ಅವು ಸ್ವಲ್ಪಮಟ್ಟಿಗೆ ಬೇರೆಯಾಗಿ ಕಾಣುತ್ತವೆ. 35 ಸೂಚಕಗಳನ್ನು ತೂಗಿ 175 ತಾಲ್ಲೂಕುಗಳಲ್ಲಿ 114 ಹಿಂದುಳಿದುವೆಂದೂ, ಅವುಗಳಲ್ಲಿ 39 ಅತ್ಯಂತ ಹಿಂದುಳಿದುವೆಂದೂ ಆ ವರದಿಯು ಹೇಳಿತು. ಹಿಂದುಳಿದ ಸೀಮೆಗಳ ಕೂಗಿಗೆ ಅದರಿಂದ ಆಧಾರ ಸಿಕ್ಕಿತು. ಈ ಉಪಕಾರವನ್ನು ಮರೆಯಲಾಗದು.

ಆದರೂ ಎರಡು ಮಾತುಗಳನ್ನು ಹೇಳಬೇಕಾಗಿದೆ. ಮೊದಲನೆಯದು, ರಾಜ್ಯದ ಸರಾಸರಿಯನ್ನು ಒಂದೆಂದು ಇಟ್ಟು ಅದಕ್ಕೆ ಕೆಳಗಿರುವುದನ್ನು ಹಿಂದುಳಿದುದೆಂದರೆ, ನಾಡೆಲ್ಲವೂ ಇಮ್ಮಡಿಯಾಗಿ ಬೆಳೆದರೂ ಕೆಳಗಿರುವವರು ಕೆಳಗೆಯೇ ಇರುವರು. ಅದು ತಾರತಮ್ಯವನ್ನು ಅಳೆಯುವ ಕೋಲು. ಹಸಿವನ್ನು ಅಳೆಯುವ ಕೋಲಲ್ಲ. ಎರಡನೆಯದು ಕುರುಗೋಡಿನ ವಿಷಯವು. ಆಗ ಕುರುಗೋಡು ಬಳ್ಳಾರಿ ತಾಲ್ಲೂಕಿನೊಳಗೇ ಇದ್ದಿತು. ನಗರದ ಕಾಲೇಜು, ಆಸ್ಪತ್ರೆ, ಬ್ಯಾಂಕುಗಳೆಲ್ಲವೂ ಲೆಕ್ಕದಲ್ಲಿ ಕುರುಗೋಡಿಗೂ ಸೇರಿದುವು. ಕುರುಗೋಡಿನ ಕೊರತೆಯು ನಗರದ ಅಂಕಿಯಲ್ಲಿ ಕರಗಿತು. ಅಲ್ಲಿಯ ರೈತನು ತನಗೆ ಇಲ್ಲವೆಂದರೆ “ನಿಮ್ಮ ತಾಲ್ಲೂಕಿಗೆ ಇದೆಯಲ್ಲ!” ಎಂದು ಕಾಗದವು ಉತ್ತರ ಕೊಡಬಲ್ಲದು. ಈಗ ಕುರುಗೋಡು ಬೇರೆ ತಾಲ್ಲೂಕಾಗಿದೆ.

ಇಡೀ ಜಿಲ್ಲೆಯ ಗಡಿಯೂ ಹೀಗೆಯೇ ಚಲಿಸಿದೆ. ಹರಪನಹಳ್ಳಿಯು 1997ರಲ್ಲಿ ದಾವಣಗೆರೆಗೆ ಹೋಗಿ, ಮರಳಿ ಬಳ್ಳಾರಿಗೆ ಬಂದು, 2021ರಲ್ಲಿ ವಿಜಯನಗರ ಜಿಲ್ಲೆಯ ಪಾಲಾಯಿತು. ಆ ವರ್ಷ ಹೊಸಪೇಟೆ, ಕೂಡ್ಲಿಗಿ, ಹಡಗಲಿ ಮೊದಲಾದುವೂ ಬೇರೆಯಾದುವು. ಉಳಿದದ್ದು ಬಳ್ಳಾರಿ, ಕುರುಗೋಡು, ಸಿರುಗುಪ್ಪ, ಕಂಪ್ಲಿ, ಸಂಡೂರು. 2011ರ “ಬಳ್ಳಾರಿ ಜಿಲ್ಲೆ” ಹಾಗೂ ಇಂದಿನ “ಬಳ್ಳಾರಿ ಜಿಲ್ಲೆ” ಎಂಬುವು ಹೆಸರಿನಲ್ಲಿ ಒಂದು, ಅರ್ಥದಲ್ಲಿ ಎರಡು. ಅವೆರಡನ್ನೂ ಹೋಲಿಸಿ “ಜಿಲ್ಲೆ ಮುಂದುವರಿದಿದೆ” ಅಥವಾ “ಹಿಂದೆ ಬಿದ್ದಿದೆ” ಎಂದು ವೇದಿಕೆಯ ಮೇಲೆ ಗುಡುಗುವವನು, ನಿನ್ನೆಯ ಒಂಬತ್ತು ಮಂದಿಯ ಅನ್ನವನ್ನು ಇಂದಿನ ಐದು ಮಂದಿಯ ಹೊಟ್ಟೆಗೆ ಲೆಕ್ಕ ಹಾಕಿದಂತೆ.

ದಿನಬಳಕೆಯಲ್ಲಿಯೂ ಈ ದೋಷವು ಕಡಿಮೆಯಿಲ್ಲ. ತುಂಗಭದ್ರಾ ಜಲಾಶಯವು ಮೊದಲಿಗೆ ಸುಮಾರು 133 ಟಿಎಂಸಿ ನೀರನ್ನು ಹಿಡಿಯುತ್ತಿದ್ದಿತು. ಹೂಳು ತುಂಬಿ 2016ರ ಅಳತೆಯಲ್ಲಿ 105.788ಕ್ಕೆ ಇಳಿಯಿತು. ನೂರು ಟಿಎಂಸಿ ನೀರು ನಿಂತಾಗ ಹಳೆಯ ಲೆಕ್ಕಕ್ಕೆ ಆಣೆಕಟ್ಟು ಮುಕ್ಕಾಲು ತುಂಬಿತು. ಹೊಸ ಲೆಕ್ಕಕ್ಕೆ ನೂರಕ್ಕೆ ತೊಂಬತ್ತನಾಲ್ಕನ್ನು ಮೀರಿತು. ನೀರು ಒಂದೇ. ಶೇಕಡಾ ಅಂಕಿಯನ್ನು ಕೇಳಿ ಎರಡನೆಯ ಬೆಳೆಗೆ ಭತ್ತದ ಸಸಿ ಹಾಕುವ ಸಿರುಗುಪ್ಪದ ಒಕ್ಕಲಿಗನು ಕೇಳಬೇಕಾದದ್ದು “ಎಷ್ಟು ತುಂಬಿತು” ಎಂದಲ್ಲ, “ನನ್ನ ತೂಬಿಗೆ ಎಷ್ಟು ದಿನದ ನೀರು” ಎಂದು.

ನಾನು ಬಾಳಿದ ಶಾಲೆಯ ಪ್ರಪಂಚದಲ್ಲಿಯೂ ಇದನ್ನು ಕಂಡಿದ್ದೇನೆ. ಎಂಟನೆಯ ತರಗತಿಗೆ ಅರವತ್ತು ಮಕ್ಕಳು ಸೇರಿ, ದಡ್ಡರೆನ್ನಿಸಿಕೊಂಡವರನ್ನು ನಡುವೆ ತಡೆದು, ನಲವತ್ತು ಮಂದಿಯನ್ನು ಪರೀಕ್ಷೆಗೆ ಕೂರಿಸಿ, ಮೂವತ್ತೆಂಟು ಮಂದಿ ತೇರ್ಗಡೆಯಾದರೆಂದು ಇಟ್ಟುಕೊಳ್ಳೋಣ. ಬಾಗಿಲಿನ ಹಲಗೆಯ ಮೇಲೆ ಶೇಕಡಾ 95 ಎಂದು ಬರೆಯಬಹುದು, ಅದು ಸುಳ್ಳಲ್ಲ. ಸೇರಿದ ಅರವತ್ತರಲ್ಲಿ ಎಣಿಸಿದರೆ 63. ಬಿಟ್ಟುಹೋದ ಮಕ್ಕಳಿಗೆ ಆ ಹಲಗೆಯ ಮೇಲೆ ಸ್ಥಳವಿಲ್ಲ. ಹೆಚ್ಚಿನ ಅಂಕಿಮೋಸಗಳು ಹೀಗೆ ಸತ್ಯವಾದ ಅಂಕಿಗಳಿಂದಲೇ ನಡೆಯುತ್ತವೆ.

ಇದನ್ನೆಲ್ಲ ಕೇಳಿ “ಹಾಗಾದರೆ ಅಂಕಿಗಳೆಲ್ಲವೂ ಬೂಟಾಟಿಕೆ” ಎಂದು ಕೈತೊಳೆಯುವವರಿದ್ದಾರೆ. ಅದು ಮೊದಲಿನದಕ್ಕಿಂತ ಕೆಟ್ಟ ದೋಷವು. ಎಣಿಕೆಯಿಲ್ಲದಿದ್ದರೆ ಗಟ್ಟಿಗಂಟಲಿನವನ ಮಾತೇ ಪ್ರಮಾಣವಾಗಿ, ಬಡವನ ಕಷ್ಟವು ಅವನ ಓಣಿಯಾಚೆಗೆ ಕೇಳಿಸದು. ಮಹಾಭಾರತದ ನಳೋಪಾಖ್ಯಾನದಲ್ಲಿ ಋತುಪರ್ಣನು ದಾರಿಯ ತಾರೆಮರವನ್ನು ನೋಡಿ ಎಲೆ, ಕಾಯಿಗಳ ಲೆಕ್ಕವನ್ನು ಹೇಳಿದಾಗ ನಳನು ಅಲ್ಲಗಳೆಯಲಿಲ್ಲ, ತಲೆದೂಗಲೂ ಇಲ್ಲ; ರಥವನ್ನು ನಿಲ್ಲಿಸಿ ಇಳಿದು ಎಣಿಸಿದನು. ಎಣಿಕೆ ಸರಿಯೆಂದು ಕಂಡಮೇಲೆ ಆ ವಿದ್ಯೆಯನ್ನು ಕಲಿತನು. ಗೃಹಸ್ಥರಾದ ನಮಗೂ ಅದೇ ಮಾರ್ಗವು: ಯಾರನ್ನು ಎಣಿಸಿದರು, ಯಾರನ್ನು ಬಿಟ್ಟರು, ಯಾವುದಕ್ಕೆ ಭಾಗಿಸಿದರು ಎಂದು ರಥವನ್ನು ನಿಲ್ಲಿಸಿ ಕೇಳುವುದು.

2021ರಲ್ಲಿ ಆಗಬೇಕಾಗಿದ್ದ ಜನಗಣತಿಯು ಆಗಲಿಲ್ಲ. ಮುಂದಿನ ಗಣತಿಗೆ 2027ರ ಮಾರ್ಚ್ 1ನ್ನು ಉಲ್ಲೇಖದಿನವಾಗಿ ಗೊತ್ತುಮಾಡಿರುತ್ತಾರೆ. ಆ ಗಣತಿಯಲ್ಲಿ ಕುರುಗೋಡು ಬಳ್ಳಾರಿಯ ನೆರಳಿನಿಂದ ಹೊರಬಂದು ತನ್ನದೇ ಅಂಕಿಯನ್ನು ಪಡೆಯುವ ಕಾಲ ಬರುತ್ತದೆ. ಆ ಅಂಕಿಯು ಚಿಕ್ಕದಾಗಿ ಕಂಡರೆ ನಾಚಿಕೊಳ್ಳಬೇಕಾದದ್ದಿಲ್ಲ. ಅಲ್ಲಿಯ ಶಾಲೆ, ಆಸ್ಪತ್ರೆಗಳನ್ನು ಕೇಳುವುದಕ್ಕೆ ಅದೇ ಹಕ್ಕುಪತ್ರವಾಗುವುದು. ಗಣತಿಯವರು ಮನೆಗೆ ಬಂದಾಗ ನಿಜವನ್ನು ಹೇಳುವುದೂ, ಫಲವು ಪ್ರಕಟವಾದಾಗ ಅದರ ಆಶ್ರಯವನ್ನು ವಿಚಾರಿಸುವುದೂ ಓದುಬರಹ ಬಲ್ಲ ಪ್ರತಿಯೊಂದು ಮನೆಯವರ ಕರ್ತವ್ಯವೆಂದು ಅರಿಕೆ.