'ಕ್ಲೆವ್ ರಾಜಕುಮಾರಿ'ಯನ್ನು ಓದುವ ಬಗೆ

ಫ್ರೆಂಚ್ ಲೇಖಕಿ ಮದಾಮ್ ದ ಲಫಾಯೆತ್ ಅವರ 'ಲಾ ಪ್ರಿನ್ಸೆಸ್ ದ ಕ್ಲೆವ್' 1678ರಲ್ಲಿ ಪ್ಯಾರಿಸ್ಸಿನಲ್ಲಿ ಅಚ್ಚಾದಾಗ ಅದರ ಮೇಲೆ ಬರೆದವರ ಹೆಸರೇ ಇರಲಿಲ್ಲ. ಮರುವರ್ಷವೇ ಅದು ಇಂಗ್ಲಿಷಿಗೆ ಬಂತು. ನಮ್ಮಲ್ಲಿ ಹೆಚ್ಚಿನವರು ಅದನ್ನು ಇಂಗ್ಲಿಷಿನಲ್ಲೇ ಓದುವುದರಿಂದ ಕಥೆಯ ಜೊತೆಗೆ ಅನುವಾದಕರ ಸಂಯಮದ ಮೇಲೂ ಕಣ್ಣಿಡಬೇಕಾಗುತ್ತದೆ.

ಶುರುವಿನ ಪುಟಗಳಲ್ಲೇ ಹಲವರು ಸೋತುಬಿಡುತ್ತಾರೆ. ಎರಡನೆಯ ಆನ್ರಿ ದೊರೆಯ ಆಸ್ಥಾನದ ಹೆಸರುಗಳು ಸಾಲುಸಾಲಾಗಿ ಬರುತ್ತವೆ. ಎಲ್ಲರೂ ಚೆಲುವರು, ಎಲ್ಲರೂ ಗುಣವಂತರು. ಹೆಸರು ನೆನಪಿಡುವ ಗೋಜಿಗೆ ಹೋಗಬೇಡಿ. ಎಲ್ಲರೂ ಒಂದೇ ಸಮ ಹೊಳೆಯುವಲ್ಲಿ ಯಾರ ಒಳಗೇನಿದೆಯೋ ತಿಳಿಯದು. ಆಸ್ಥಾನಕ್ಕೆ ಹೊಸದಾಗಿ ಬಂದ ಹುಡುಗಿಯ, ಅಂದರೆ ಮುಂದೆ ಕ್ಲೆವ್ ರಾಜಕುಮಾರಿಯಾಗುವ ಕಥಾನಾಯಕಿಯ, ಪಾಡೂ ಅದೇ. ಓದುಗರಿಗೆ ಬೇಸರವಾದೀತೆಂದು ಆ ಹೊಗಳಿಕೆಗಳಿಗೆ ಬಗೆಬಗೆಯ ವಿಶೇಷಣ ತೊಡಿಸುವ ಅನುವಾದಕರು ಕಾದಂಬರಿಯ ಬುಡವನ್ನೇ ಸಡಿಲಿಸುತ್ತಾರೆ.

ಭಾವಚಿತ್ರ ಕದಿಯುವ ದೃಶ್ಯಕ್ಕೆ ಬಂದಾಗ ನಿಧಾನಿಸಿ. ಗಂಡನ ಬಳಿಯಿದ್ದ ರಾಜಕುಮಾರಿಯ ಪುಟ್ಟ ಚಿತ್ರವನ್ನು, ಅವಳನ್ನು ಗುಟ್ಟಾಗಿ ಪ್ರೀತಿಸುವ ಆಸ್ಥಾನಿಕ ನೆಮೂರ್ ಎತ್ತಿಕೊಳ್ಳುತ್ತಾನೆ. ಅವಳು ನೋಡುತ್ತಾಳೆ. ಎಲ್ಲರೆದುರು ಕೇಳಿದರೆ ಅವನ ಪ್ರೇಮ ಬಯಲಾಗುತ್ತದೆ, ಗುಟ್ಟಾಗಿ ಕೇಳಿದರೆ ಅದನ್ನು ಹೇಳಿಕೊಳ್ಳಲು ಅವನಿಗೆ ಅವಕಾಶ ಕೊಟ್ಟಂತಾಗುತ್ತದೆ. ಸುಮ್ಮನಿರುತ್ತಾಳೆ, ಆ ಸುಮ್ಮನಿರುವಿಕೆಯಲ್ಲಿ ಸಂತೋಷವೂ ಇದೆ. ಮೂಲದಲ್ಲಿ ಇದೆಲ್ಲ ತಣ್ಣನೆಯ, ಹೆಚ್ಚುಕಡಿಮೆ ತರ್ಕದಂಥ ವಾಕ್ಯಗಳಲ್ಲಿ ಬರುತ್ತದೆ. ನಡುಗುವ ತುಟಿ, ಡವಗುಟ್ಟುವ ಎದೆ ಅಲ್ಲಿ ಕಂಡರೆ ಅವು ಅನುವಾದಕರ ಸೇರ್ಪಡೆ ಎಂದು ತಿಳಿಯಿರಿ.

ಮುಂದೆ, ಬೇರೊಬ್ಬನ ಮೇಲೆ ಮನಸ್ಸಾಗಿದೆ ಎಂದು ಅವಳು ಗಂಡನಿಗೇ ಹೇಳುತ್ತಾಳೆ, ಹೆಸರು ಮಾತ್ರ ಹೇಳುವುದಿಲ್ಲ. ಹೆಂಡತಿ ಹೀಗೆ ಹೇಳಬಹುದೇ ಎಂದು 'ಮರ್ಕ್ಯೂರ್ ಗಲಾಂ' ಪತ್ರಿಕೆ ಆಗ ಓದುಗರನ್ನೇ ಕೇಳಿತ್ತು. ಆ ಮಾತುಕತೆಯಲ್ಲಿ ಗಂಡಹೆಂಡಿರಿಬ್ಬರದೂ ಬಹುವಚನ. ಇಂಗ್ಲಿಷಿನಲ್ಲಿ ಅದು ಕಾಣದು. ಕನ್ನಡಕ್ಕೆ ತರುವವರಿಗೆ 'ನೀವು' ಕೈಯಲ್ಲೇ ಇದೆ. ಆದರೆ ನಮ್ಮ ಮನೆಗಳ ರೂಢಿಯಂತೆ ಗಂಡನ ಬಾಯಲ್ಲಿ 'ನೀನು' ಬಂದರೆ ಇಬ್ಬರ ನಡುವಿನ ಸಮಾನ ಗೌರವವೂ ದೂರವೂ ಒಟ್ಟಿಗೇ ಹೋಗುತ್ತವೆ.

ಗಂಡ ಸತ್ತ ಮೇಲೆ ತಡೆಯುವವರು ಯಾರೂ ಇಲ್ಲ. ಆದರೂ ಅವಳು ನೆಮೂರನನ್ನು ಒಲ್ಲೆ ಎನ್ನುತ್ತಾಳೆ, ಕಾರಣಗಳನ್ನೂ ತಾನೇ ಹೇಳುತ್ತಾಳೆ. ಅದನ್ನು ಬರಿಯ ತ್ಯಾಗವೆಂದು ಓದಬೇಡಿ. ಇವನ ಪ್ರೇಮ ಬಾಳುವುದಿಲ್ಲ ಎಂದು ಅವಳು ಲೆಕ್ಕ ಹಾಕಿದ್ದಾಳೆ, ತನ್ನ ನೆಮ್ಮದಿಯನ್ನೂ ಆರಿಸಿಕೊಂಡಿದ್ದಾಳೆ. ಅಂಗಡಿಯಲ್ಲಿ ಎರಡು ಅನುವಾದ ಸಿಕ್ಕರೆ ಈ ಕೊನೆಯ ಸಂಭಾಷಣೆಯನ್ನು ಎರಡರಲ್ಲೂ ಓದಿ ನೋಡಿ. ಅವಳ ದನಿ ಯಾವುದರಲ್ಲಿ ಹೆಚ್ಚು ಸ್ಥಿರವಾಗಿದೆಯೋ ಅದನ್ನು ಕೊಳ್ಳಿ.