ಕೊಲಾಬಾದ ಹಣ್ಣಿನ ನೊಣಗಳು

ಒಬೈದ್ ಸಿದ್ದೀಕಿ (1932–2013) ಹೆಸರು ಬಂದಾಗಲೆಲ್ಲ 'ಸಂಸ್ಥೆ ಕಟ್ಟಿದವರು' ಎಂಬ ಮಾತು ಹಿಂದೆಯೇ ಬರುತ್ತದೆ. 1962ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ (ಟಿಐಎಫ್‌ಆರ್) ಅಣು ಜೀವವಿಜ್ಞಾನ (ಮಾಲಿಕ್ಯುಲರ್ ಬಯಾಲಜಿ) ವಿಭಾಗ, ಆಮೇಲೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ (ಎನ್‌ಸಿಬಿಎಸ್): ಎರಡಕ್ಕೂ ಬುನಾದಿ ಅವರದೇ. ಹೊಗಳಿಕೆಯೇನೂ ಸುಳ್ಳಲ್ಲ. ಆದರೆ ಅದರ ಅಬ್ಬರದಲ್ಲಿ ತಳಿವಿಜ್ಞಾನಿ ಸಿದ್ದೀಕಿ ಮರೆಗೆ ಸರಿದಿದ್ದಾರೆ.

ಗ್ಲ್ಯಾಸ್ಗೋದಲ್ಲಿ ತಳಿವಿಜ್ಞಾನಿ ಗಿಡೊ ಪಾಂಟೆಕೊರ್ವೊ ಅವರ ಬಳಿ ಅವರು ಅಭ್ಯಾಸ ಮಾಡಿದ್ದು ಶಿಲೀಂಧ್ರವನ್ನು. ಅಮೆರಿಕದಲ್ಲಿ ಅಲನ್ ಗ್ಯಾರೆನ್ ಜೊತೆ ಬ್ಯಾಕ್ಟೀರಿಯಾ ಹಿಡಿದರು. ಒಂದು ಜೀನ್‌ನಲ್ಲಿ ಆದ ಕೇಡನ್ನು ಇನ್ನೊಂದು ಜೀನ್ ಮುಚ್ಚಿಹಾಕಬಲ್ಲದೆಂದು ತೋರಿಸಿದ ಆ ಕೆಲಸ, ತಳಿಸಂಕೇತದಲ್ಲಿ 'ಇಲ್ಲಿಗೆ ನಿಲ್ಲು' ಎನ್ನುವ ಗುರುತುಗಳನ್ನು ಅರಿಯಲು ನೆರವಾಯಿತು. ಬೇಕಿದ್ದರೆ ಜೀವನವಿಡೀ ಅದನ್ನೇ ಮಾಡಿಕೊಂಡಿರಬಹುದಿತ್ತು. ಆದರೆ ಎಪ್ಪತ್ತರ ದಶಕದಲ್ಲಿ ಅವರು ಹಣ್ಣಿನ ನೊಣದತ್ತ ಹೊರಳಿದರು.

ಅಮೆರಿಕದ ಕ್ಯಾಲ್ಟೆಕ್‌ನಲ್ಲಿ ವಿಜ್ಞಾನಿ ಸೀಮೋರ್ ಬೆಂಜರ್ ಜೊತೆ ಅವರು ಪರೀಕ್ಷಿಸಿದ ಮ್ಯುಟೆಂಟ್ (ಜೀನ್ ಬದಲಾದ) ನೊಣಗಳು ಸಾಧಾರಣ ತಾಪದಲ್ಲಿ ಉಳಿದವುಗಳಂತೆಯೇ ಓಡಾಡುತ್ತವೆ. ಬಿಸಿ ಏರಿದರೆ ಲಕ್ವ ಹೊಡೆದು ಬೀಳುತ್ತವೆ, ತಂಪಾದರೆ ಮತ್ತೆ ಏಳುತ್ತವೆ. ಒಂದು ಜೀನ್ ಕೆಟ್ಟರೆ ನರದ ಕೆಲಸ ಹೇಗೆ ನಿಲ್ಲುತ್ತದೆ ಎಂಬುದನ್ನು ಅಲ್ಲಿ ಕಣ್ಣಾರೆ ಕಾಣಬಹುದು.

ಟಿಐಎಫ್‌ಆರ್ ಇರುವ ಮುಂಬಯಿಯ ಕೊಲಾಬಾದಲ್ಲಿ ವಿದ್ಯಾರ್ಥಿನಿ ವೆರೋನಿಕಾ ರೋಡ್ರಿಗ್ಸ್ ಜೊತೆ ರುಚಿ, ವಾಸನೆ ತಿಳಿಯದ ನೊಣಗಳನ್ನು ಹುಡುಕಿದರು. ಕವಲೊಡೆದ ಗಾಜಿನ ನಳಿಕೆಯ ಒಂದು ಕಡೆ ವಾಸನೆ, ಇನ್ನೊಂದು ಕಡೆ ಏನೂ ಇಲ್ಲ. ಯಾವ ಕವಲಿಗೆ ಎಷ್ಟು ನೊಣ ಹೋದವೆಂದು ಎಣಿಸುವುದು. 1978ರಲ್ಲಿ ಪ್ರಕಟವಾದ ಈ ಸಂಶೋಧನೆಗೆ ದುಬಾರಿ ಯಂತ್ರಕ್ಕಿಂತ ಚೊಕ್ಕ ಪ್ರಶ್ನೆ ಮುಖ್ಯವಾಗಿತ್ತು.

ಕೊರತೆಯನ್ನೂ ಹೇಳಬೇಕು. ನೊಣದಲ್ಲಿ ವಾಸನೆ ಹಿಡಿಯುವ ಗ್ರಾಹಕಗಳ ಜೀನ್‌ಗಳು ಸಿಕ್ಕಿದ್ದು 1999ರಲ್ಲಿ, ಅಮೆರಿಕದ ಪ್ರಯೋಗಾಲಯಗಳಲ್ಲಿ. ಇಪ್ಪತ್ತು ವರ್ಷ ಮೊದಲೇ ಹೊರಟವರು ಆ ಗುರಿಯನ್ನು ಮೊದಲು ಮುಟ್ಟಲಿಲ್ಲ. ಸಲಕರಣೆ, ಹಣದ ಅಂತರ ನಿಜ. ಅಷ್ಟೇ ಎಂದರೆ ಅರ್ಧ ಮಾತಾಗುತ್ತದೆ: ಜೀನನ್ನು ಬೇರ್ಪಡಿಸುವುದಕ್ಕಿಂತ ನಡವಳಿಕೆಯನ್ನು ಬಿಡಿಸಿ ನೋಡುವುದರತ್ತಲೇ ಸಿದ್ದೀಕಿಯವರ ಒಲವಿತ್ತೆಂದು ಅವರ ಆಯ್ಕೆಗಳು ಹೇಳುತ್ತವೆ. ಆ ಒಲವೇ ಅವರ ಬಲ, ಅದೇ ಅವರ ಮಿತಿ.

ಎನ್‌ಸಿಬಿಎಸ್‌ನ ನಿರ್ದೇಶಕ ಹುದ್ದೆ ಬಿಟ್ಟ ಮೇಲೂ ಅವರು ನೊಣಗಳನ್ನು ಬಿಡಲಿಲ್ಲ. ಕುರ್ಚಿ ಸಿಕ್ಕಿದೊಡನೆ ಪ್ರಯೋಗಾಲಯದ ದಾರಿ ಮರೆಯುವವರು ನಮ್ಮಲ್ಲಿ ಕಡಿಮೆಯೇನಿಲ್ಲ. ಆದ್ದರಿಂದ ಸಿದ್ದೀಕಿ ಕಟ್ಟಿದ ಸಂಸ್ಥೆಗಳನ್ನು ಕಟ್ಟಡ, ಅನುದಾನಗಳಿಂದ ಅಳೆಯುವುದು ತಪ್ಪು. 1978ರಲ್ಲಿ ರೋಡ್ರಿಗ್ಸ್‌ಗೆ ಇಪ್ಪತ್ತೈದರ ಆಸುಪಾಸು. ಮುಂದೆ ಅದೇ ವಿಭಾಗವನ್ನು ಆಕೆ ಮುನ್ನಡೆಸಿದರು. ಇಂದೂ ಆ ವಯಸ್ಸಿನವರ ಕೈಗೆ ಅಂಥ ದೊಡ್ಡ ಪ್ರಶ್ನೆ ಸಿಗುತ್ತಿದೆಯೇ ಎಂದು ಕೇಳುವುದೇ ಸರಿಯಾದ ಅಳತೆ.